ಮನೆಯ ಖಾಸಗಿತನ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಮನೆಯೊಳಗೆ ಯಾರು ಬರಬಹುದು, ಬಂದವರು ಎಲ್ಲಿಯವರೆಗೆ ಬರಬಹುದು, ಒಳಗೆ ನಡೆದದ್ದು ಎಷ್ಟು ಹೊರಗೆ ಹೋಗಬಹುದು ಎಂಬುದನ್ನು ಅಲ್ಲಿ ವಾಸಿಸುವವರೇ ತೀರ್ಮಾನಿಸುವ ಹಕ್ಕಿಗೆ ಮನೆಯ ಖಾಸಗಿತನ ಎಂದು ಹೆಸರು. ‘ಖಾಸಗಿ’ ಎಂಬ ಶಬ್ದ ಕನ್ನಡಕ್ಕೆ ಹೊರಗಿನಿಂದ ಬಂದದ್ದು. ದಕ್ಷಿಣ ಕನ್ನಡದ ಈ ಮೂರು ತಾಲೂಕುಗಳ ಜನ ಅದಕ್ಕಿಂತ ಮೊದಲಿನಿಂದ ಬಳಸಿಕೊಂಡು ಬಂದ ಮಾತುಗಳು ಮಾನ, ಮರ್ಯಾದೆ, ಗುಟ್ಟು. ಈ ಮೂರೂ ಮನೆತನಕ್ಕೆ ಸೇರಿದ ಸೊತ್ತುಗಳು. ಮನೆಯಲ್ಲಿರುವ ಮಗಳಿಗೋ ಸೊಸೆಗೋ ಕೆಲಸದಾಳಿಗೋ ಪ್ರತ್ಯೇಕವಾಗಿ ಇವುಗಳಲ್ಲಿ ಪಾಲಿರಲಿಲ್ಲ. ಹೊರಗಿನವರ ಕಣ್ಣಿನಿಂದ ಮನೆ ಚೆನ್ನಾಗಿ ಮರೆಯಾಗಿರುತ್ತಿತ್ತು, ಒಳಗಿದ್ದವರಿಗೆ ಮಾತ್ರ ಒಬ್ಬರಿಂದ ಒಬ್ಬರಿಗೆ ಮರೆ ಇರಲಿಲ್ಲ. ಕಳೆದ ಸುಮಾರು ನೂರು ವರ್ಷಗಳಲ್ಲಿ ಈ ಲೆಕ್ಕ ತಿರುವುಮುರುವಾಗಿದೆ.

ಮನೆಯ ನೆಲೆ

ಬಯಲುಸೀಮೆಯ ಹಳ್ಳಿಗಳಲ್ಲಿ ಕಾಣುವ ಸಾಲುಮನೆ, ಊರಬಾಗಿಲು, ಅಗಸೆಕಟ್ಟೆ ಇಲ್ಲಿಲ್ಲ. ಗದ್ದೆಯ ಅಂಚಿಗೊಂದು, ಅಡಿಕೆ ತೋಟದ ತಲೆಗೊಂದು, ಗುಡ್ಡೆಯ ಬುಡಕ್ಕೊಂದು ಎಂಬಂತೆ ಮನೆಗಳು ಚದುರಿಕೊಂಡಿವೆ. ಜಾನ್ ಸ್ಟರಕ್ ಸಿದ್ಧಪಡಿಸಿದ 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಿಂದ ಹಿಡಿದು ಈ ಜಿಲ್ಲೆಯನ್ನು ವರ್ಣಿಸಿದವರೆಲ್ಲ ಕಣ್ಣಿಗೆ ಬಿದ್ದ ಮೊದಲ ವಿಶೇಷವೆಂದು ಇದನ್ನೇ ಬರೆದರು. ನೆರೆಮನೆ ಕೂಗಳತೆಯ ದೂರದಲ್ಲಿ. ನಡುವೆ ತೋಡು, ಬೇಲಿ, ತಡಮ್ಮೆ. ದನ ದಾಟಲಾರದ, ಮನುಷ್ಯ ಕಾಲೆತ್ತಿ ದಾಟಬಲ್ಲ ಈ ತಡಮ್ಮೆಯೇ ಹಳ್ಳಿಮನೆಯ ನಿಜವಾದ ಹೊರಬಾಗಿಲು. ಅದನ್ನು ದಾಟಿದ ಕೂಡಲೇ ನಾಯಿ ಬೊಗಳುತ್ತದೆ. ಬಂದವನು ಅಂಗಳದ ಅಂಚಿನಲ್ಲಿ ನಿಂತು ‘ಇಲ್ಲಡ್ ಏರ್ ಉಲ್ಲೆರ್?’ ಎಂದು ತುಳುವಿನಲ್ಲಿ ಕೇಳುತ್ತಾನೆ, ಎಂದರೆ ಮನೆಯಲ್ಲಿ ಯಾರಿದ್ದಾರೆ ಎಂದು. ಬಾಗಿಲು ತಟ್ಟುವ ಕ್ರಮ ಹಿಂದೆ ಇರಲಿಲ್ಲ, ಏಕೆಂದರೆ ಹಗಲಿಡೀ ಬಾಗಿಲು ತೆರೆದೇ ಇರುತ್ತಿತ್ತು. ಅಂಗಳದಿಂದ ಕೇಳಿದ ಆ ಒಂದು ಮಾತಿಗೂ ಜಗಲಿಯಿಂದ ಬರುವ ಉತ್ತರಕ್ಕೂ ನಡುವಿನ ಅರ್ಧ ನಿಮಿಷದಲ್ಲಿ ಒಳಗಿನವರು ಸೆರಗು ಸರಿಮಾಡಿಕೊಂಡು, ಜಗಳ ನಿಲ್ಲಿಸಿ, ಬೆಲ್ಲ ನೀರು ತರಲು ಎದ್ದಿರುತ್ತಿದ್ದರು.

ಕಾನೂನಿನ ಇತಿಹಾಸದಲ್ಲಿ ಮನೆಮನೆಯ ನಡುವಿನ ಈ ದೂರಕ್ಕೆ ಒಂದು ವಿಚಿತ್ರ ಪರಿಣಾಮವಿದೆ. 1882ರ ಭಾರತೀಯ ಸುಖಾಧಿಕಾರ (ಈಸ್‌ಮೆಂಟ್) ಕಾಯಿದೆಯ 18ನೇ ಕಲಮು ರೂಢಿಯಿಂದ ಹುಟ್ಟುವ ಹಕ್ಕುಗಳನ್ನು ಹೇಳುತ್ತ, ನೆರೆಯವರ ಒಳಮನೆ ಕಾಣುವಂತೆ ಹೊಸ ಕಿಟಕಿ ತೆರೆಯಬಾರದೆಂಬ ಪಟ್ಟಣದ ರೂಢಿಯನ್ನೇ ಉದಾಹರಣೆಯಾಗಿ ಕೊಡುತ್ತದೆ. ಆ ಕಾಯಿದೆ ಮೊದಲು ಜಾರಿಯಾದ ಪ್ರದೇಶಗಳಲ್ಲಿ ಮದ್ರಾಸ್ ಪ್ರಾಂತ್ಯವೂ ಒಂದು, ಆಗ ದಕ್ಷಿಣ ಕನ್ನಡ ಅದರ ಜಿಲ್ಲೆ. ಆದರೂ ಕಿಟಕಿಯ ವ್ಯಾಜ್ಯಗಳು ಬೆಳೆದು ಹಕ್ಕಾಗಿ ನೆಲೆಗೊಂಡದ್ದು ಉತ್ತರದಲ್ಲಿ. ಅಲಹಾಬಾದ್ ಹೈಕೋರ್ಟ್ 1888ರಲ್ಲಿ ಗೋಕಲ್ ಪ್ರಸಾದ್ ಮೊಕದ್ದಮೆಯಲ್ಲಿ ಈ ರೂಢಿಯನ್ನು ಎತ್ತಿಹಿಡಿಯಿತು. ಮದ್ರಾಸಿನ ನ್ಯಾಯಾಲಯ ಅಂಥ ವಾದಗಳಿಗೆ ಅಷ್ಟಾಗಿ ಕಿವಿಗೊಡಲಿಲ್ಲ. ಎದುರು ಮನೆಯೇ ಇಲ್ಲದ ಊರಿನಲ್ಲಿ ಎದುರು ಕಿಟಕಿಯ ತಕರಾರು ಹುಟ್ಟುವುದಾದರೂ ಹೇಗೆ?

ಇದಕ್ಕೆ ಹೊರತಾದದ್ದು ಪೇಟೆ. ನೇತ್ರಾವತಿಯ ದಡದ ಬಂಟ್ವಾಳ ಪೇಟೆಯಲ್ಲೂ ಮೂಡುಬಿದಿರೆಯ ಜೈನಪೇಟೆಯಲ್ಲೂ ಮನೆಗಳು ಒತ್ತೊತ್ತಾಗಿ ಬೀದಿಗೆ ಮುಖಮಾಡಿ ನಿಂತಿವೆ. ಬಂಟ್ವಾಳದ ವ್ಯಾಪಾರಿಯ ಮನೆಯಲ್ಲಿ ಮುಂದೆ ಅಂಗಡಿ, ಅದರ ಹಿಂದೆ ಉದ್ದಕ್ಕೆ ಒಂದರ ಬೆನ್ನಿಗೆ ಒಂದು ಕೋಣೆ, ಕಟ್ಟಕಡೆಗೆ ಬಾವಿ. ಇಲ್ಲಿ ಮರೆ ಸಿಗುತ್ತಿದ್ದುದು ಆಳದಿಂದ: ಗಿರಾಕಿ ಮೊದಲ ಹೊಸ್ತಿಲಲ್ಲಿ ನಿಂತರೆ ನೆಂಟ ಎರಡನೆಯದನ್ನು ದಾಟುತ್ತಿದ್ದ. 1923 ಮತ್ತು 1974ರ ನೆರೆಗಳಲ್ಲಿ ನದಿ ಈ ಪೇಟೆಗೆ ನುಗ್ಗಿದಾಗ ಹೊಸ್ತಿಲುಗಳ ಈ ಕ್ರಮವನ್ನು ಅದು ಕೇಳಲಿಲ್ಲ.

ಚಾವಡಿಯಿಂದ ಒಳಗೆ

ಅಂಗಳ, ಜಗಲಿ, ಚಾವಡಿ, ನಡುಕೋಣೆ, ಅಡಿಗೆಕೋಣೆ, ದೇವರಕೋಣೆ. ಊರಿನ ಯಜಮಾನಿಕೆಯ ಹಳೆಯ ಮನೆಗಳಾದ ಗುತ್ತು ಮತ್ತು ಬೀಡುಗಳಲ್ಲಿ ಈ ಒಂದೊಂದು ಹಂತವೂ ಜಾತಿಯ ಅಳತೆಗೋಲು. ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕೂರಬಹುದು, ಯಾರಿಗೆ ಚಾವಡಿಯಲ್ಲಿ ಚಾಪೆ ಹಾಸಬೇಕು ಎಂಬುದು ಮಕ್ಕಳಿಗೂ ಗೊತ್ತಿತ್ತು. ಮನೆಯ ಖಾಸಗಿತನವೆಂದು ನಾವು ಇಂದು ಹೊಗಳುವ ಸಂಗತಿಯ ಒಂದು ದೊಡ್ಡ ಪಾಲು ಬರೀ ಅಸ್ಪೃಶ್ಯತೆಯಾಗಿತ್ತು ಎಂಬುದನ್ನು ಮರೆಮಾಚಿ ಈ ವಿಷಯ ಬರೆಯಲಾಗದು. ಗುತ್ತಿನ ಮನೆಗೆ ಇಷ್ಟೊಂದು ಬಾಗಿಲುಗಳಿದ್ದಾಗ ಅಸ್ಪೃಶ್ಯರೆನಿಸಿದ್ದ ಕೊರಗರ ಗುಡಿಸಲಾದ ಕೊಪ್ಪಕ್ಕೆ ಸೊಪ್ಪಿನ ಗೋಡೆಯಿತ್ತು. ಯಜಮಾನನ ಕಡೆಯವನು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಡೋಲು ಬಾರಿಸಲು ಕರೆದರೆ ಇಲ್ಲವೆನ್ನುವ ಹಾಗಿರಲಿಲ್ಲ. ಆ ಬಗೆಯ ಅಜಲು ಪದ್ಧತಿಯನ್ನು ಕರ್ನಾಟಕ ಕಾಯಿದೆಯ ಮೂಲಕ ನಿಷೇಧಿಸಿದ್ದು 2000ದಲ್ಲಿ.

ಮೂಡುಬಿದಿರೆಯ ಚೌಟ ಅರಸರ ಅರಮನೆಯಲ್ಲಿ ಇಂದು ನೋಡುಗರು ನಿಂತು ನೋಡುವುದು ನವನಾರೀಕುಂಜರ, ಪಂಚನಾರೀತುರಗ ಕೆತ್ತಿದ ಮರದ ಕಂಬಗಳನ್ನು. ಹೆಂಗಸರ ದೇಹಗಳನ್ನು ಹೆಣೆದು ಆನೆ ಕುದುರೆ ಮಾಡಿದ ಈ ಕೆತ್ತನೆಗಳಿರುವುದು ಬಂದವರೆಲ್ಲರೂ ಕಾಣುವ ಚಾವಡಿಯ ಕಡೆ. ನಿಜವಾದ ಹೆಂಗಸರು ಇದ್ದದ್ದು ಒಳಗೆ. ಅರಮನೆಯನ್ನು ಸುತ್ತುವಾಗ ಈ ಎರಡನ್ನೂ ಒಟ್ಟಿಗೆ ನೆನೆಯುವುದು ಒಳ್ಳೆಯದು.

ಒಳಗಿನ ಬದುಕಿನಲ್ಲಿ ‘ನನ್ನ ಕೋಣೆ’ ಎಂಬ ಮಾತಿಗೆ ಜಾಗವಿರಲಿಲ್ಲ. ಗಂಡಸರಿಗೆ ಜಗಲಿ, ಚಾವಡಿ. ಹೆಂಗಸರು ಮಕ್ಕಳಿಗೆ ನಡುಕೋಣೆಯಲ್ಲಿ ಸಾಲು ಚಾಪೆ. ಹೊಸದಾಗಿ ಮದುವೆಯಾದವರಿಗೆ ಒಂದು ಕೋಣೆ, ಅದೂ ಮನೆಯಲ್ಲಿ ಮುಂದಿನ ಮದುವೆಯಾಗುವ ತನಕ. ಅಟ್ಟದಲ್ಲಿ ಅಡಿಕೆ, ಕಣಜದಲ್ಲಿ ಭತ್ತ, ಎರಡರ ಬೀಗದಕೈಯೂ ಯಜಮಾನನ ಅಥವಾ ಯಜಮಾನ್ತಿಯ ಸೊಂಟದಲ್ಲಿ. ಬಚ್ಚಲು ಮನೆಯಿಂದ ಆಚೆಗೆ, ಹಲವು ಕಡೆ ಮಡಲಿನ ತಟ್ಟಿ ಕಟ್ಟಿದ್ದು. ಪಾಯಿಖಾನೆ ಇಲ್ಲದ ಕಾಲದಲ್ಲಿ ಹೆಂಗಸರು ಗುಡ್ಡೆಗೆ ಹೋಗಬೇಕಾದದ್ದು ಬೆಳಕು ಹರಿಯುವ ಮೊದಲು ಇಲ್ಲವೇ ಕತ್ತಲಾದ ಮೇಲೆ. ಅವರ ಪಾಲಿಗೆ ಕತ್ತಲೆಯೇ ಗೋಡೆ.

ಎಲ್ಲಕ್ಕಿಂತ ಹೆಚ್ಚು ಬಯಲಾದದ್ದು ಮುಟ್ಟು. ಬ್ರಾಹ್ಮಣ, ಜೈನ ಮನೆಗಳಲ್ಲಿ, ದೈವದ ಕಟ್ಟುಪಾಡು ಬಿಗಿಯಾಗಿದ್ದ ಇತರರ ಮನೆಗಳಲ್ಲೂ, ಮುಟ್ಟಾದವಳು ಮೂರು ದಿನ ಹೊರಗೆ ಕೂರಬೇಕಿತ್ತು. ಬೇರೆ ಚಾಪೆ, ಬೇರೆ ತಟ್ಟೆ, ಹಿತ್ತಿಲ ಬಾಗಿಲು. ಹಾಗೆ ಕೂತವಳನ್ನು ಕಂಡ ಕೆಲಸದಾಳಿಗೂ ನೆಂಟನಿಗೂ ಅಂಚೆಯವನಿಗೂ ಅವಳ ತಿಂಗಳ ಲೆಕ್ಕ ತಿಳಿಯುತ್ತಿತ್ತು. ಮದುವೆಯಾಗಿ ಎಷ್ಟು ತಿಂಗಳಾಯಿತು, ಇನ್ನೂ ಯಾಕೆ ಹೊರಗೆ ಕೂರುತ್ತಾಳೆ ಎಂದು ಅಡಿಗೆಮನೆಯಲ್ಲಿ ಎಣಿಕೆ ನಡೆಯುತ್ತಿತ್ತು. ಮೈಯ ಅತ್ಯಂತ ಸ್ವಂತ ಸಂಗತಿಯೊಂದನ್ನು ಮನೆಯ ನಕ್ಷೆಯೇ ಸಾರಿ ಹೇಳುತ್ತಿದ್ದ ಏರ್ಪಾಡು ಇದು.

ದೈವದ ಪಾಲು

ತುಳುನಾಡಿನ ಮನೆ ಮನುಷ್ಯರದ್ದು ಮಾತ್ರವಲ್ಲ. ಚಾವಡಿಯಲ್ಲಿ ದೈವಕ್ಕೆ ಮಂಚವಿದೆ, ಉಯ್ಯಾಲೆಯಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಸ್ಥಳಪುರಾಣವೇ ಮನೆಯೊಂದರ ಕತೆ. ಮಲ್ಲರ್ಮಾಡಿಯ ಕುಡುಮದಲ್ಲಿ ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ದಂಪತಿಯ ಬಳಿಗೆ ಧರ್ಮದೈವಗಳು ಮನುಷ್ಯರೂಪದಲ್ಲಿ ಅತಿಥಿಗಳಾಗಿ ಬಂದವು. ಆಮೇಲೆ ಕನಸಿನಲ್ಲಿ ಕಾಣಿಸಿಕೊಂಡು ಈ ಮನೆಯನ್ನೇ ನಮಗೆ ಬಿಟ್ಟುಕೊಡಿ ಎಂದವು. ಪೆರ್ಗಡೆಯವರು ಬೀಡು ಬಿಟ್ಟು ಬೇರೆ ಮನೆ ಕಟ್ಟಿಕೊಂಡರು. ತನ್ನ ಮನೆಯ ಮೇಲೆ ತನಗೇ ಕೊನೆಯ ಅಧಿಕಾರವಿಲ್ಲ ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಕತೆ ಸಿಗುವುದು ಕಷ್ಟ.

ದೈವಕ್ಕೆ ಗುಟ್ಟು ಹೇಳಲೇಬೇಕು. ದೈವ ಮೈಮೇಲೆ ಬರುವ ಕೋಲದ ದಿನ ಅಂಗಳದಲ್ಲಿ ಕುಟುಂಬದವರೆಲ್ಲ ಸೇರಿದಾಗ ಅಣ್ಣತಮ್ಮಂದಿರ ಮನಸ್ತಾಪ, ತಪ್ಪಿಹೋದ ಹರಕೆ, ಪಾಲಿನ ತಕರಾರು ದೈವದ ನುಡಿಯಲ್ಲಿ ಬರುತ್ತವೆ. ಅಷ್ಟಮಂಗಳ ಪ್ರಶ್ನೆಯಲ್ಲಂತೂ ಜೋಯಿಸರು ರಾಶಿ ನೋಡುತ್ತ, ಹಿಂದಿನ ತಲೆಮಾರಿನಲ್ಲಿ ಒಬ್ಬ ಹೆಂಗಸಿನ ಕಣ್ಣೀರು ಬಿದ್ದಿದೆ, ಯಾರು ಹೇಳಿ ಎಂದು ಕೇಳಿದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ಮನೆಯವರು ಬಾಯಿ ಬಿಡದೆ ಮುಚ್ಚಿಟ್ಟದ್ದನ್ನು ಇದು ಹೊರಗೆಳೆಯುತ್ತದೆ. ಅನ್ಯಾಯಕ್ಕೊಳಗಾದವರಿಗೆ ಕೆಲವೊಮ್ಮೆ ಇದೇ ನ್ಯಾಯಸ್ಥಾನ, ಬದುಕಿರುವವರಿಗೆ ಕೆಲವೊಮ್ಮೆ ಇದೇ ಅವಮಾನ. ನ್ಯಾಯಾಲಯಕ್ಕೆ ಒಯ್ಯಲಾಗದ ಗೃಹಕಲಹಗಳನ್ನು ಧರ್ಮಸ್ಥಳದ ಹೆಗ್ಗಡೆಯವರ ಮುಂದೆ ಹೇಳಿಕೊಂಡು ‘ಹೊಯ್ಲು’ ತೀರಿಸಿಕೊಳ್ಳುವ ಪದ್ಧತಿಯೂ ಈ ಸಾಲಿಗೇ ಸೇರುತ್ತದೆ.

ತವರಿನ ಬಾಗಿಲು

ಬಂಟರು, ಬಿಲ್ಲವರು, ಇಲ್ಲಿನ ಹಲವು ಜೈನ ಮನೆತನಗಳು ಮತ್ತಿತರರು ಅನುಸರಿಸುತ್ತಿದ್ದ ಅಳಿಯಸಂತಾನದಲ್ಲಿ ಕುಟುಂಬವೆಂದರೆ ತಾಯಿಯ ಕಡೆ. ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕು, ಅವಳ ಮಕ್ಕಳ ಹಕ್ಕು ತವರಿನಲ್ಲೇ. ಮುನಿಸಾದರೆ ಮರಳಲು ಒಂದು ಬಾಗಿಲು ಸದಾ ಇತ್ತು, ಅದು ಅಣ್ಣನ ದಯೆಯೂ ಆಗಿರಲಿಲ್ಲ. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ತುಳುವರು ಮಾತೆತ್ತಿದರೆ ತುಳು ಕಾವ್ಯದ ನಾಯಕಿ ಸಿರಿಯ ಹೆಸರು ಬರುವುದು ಇದಕ್ಕೇ. ಗಂಡ ಕಾಂತು ಪೂಂಜನ ಮನೆಯನ್ನು ಧಿಕ್ಕರಿಸಿ ಮಗುವನ್ನೆತ್ತಿಕೊಂಡು ಹೊರಡುವ ಆಕೆಯ ಕತೆಯನ್ನು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದರು. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಕನ್ನಡದ ವಿದ್ವಾಂಸರಾದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ ಸೇರಿ ಅದನ್ನು ಧ್ವನಿಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳ ಕಾವ್ಯವಾಗಿತ್ತು.

ಆದರೆ ಬಾಗಿಲು ತೆರೆದಿತ್ತು ಎಂದ ಮಾತ್ರಕ್ಕೆ ಕೋಣೆ ಇತ್ತೆಂದಲ್ಲ. ಮದ್ರಾಸ್ ಹೈಕೋರ್ಟ್ 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗಸು ಇವರ ವ್ಯಾಜ್ಯದಲ್ಲಿ, ಎಲ್ಲರ ಒಪ್ಪಿಗೆಯಿಲ್ಲದೆ ಅಳಿಯಸಂತಾನದ ಆಸ್ತಿಯನ್ನು ಪಾಲು ಮಾಡಲಾಗದೆಂದು ತೀರ್ಮಾನಿಸಿತು. ಅಲ್ಲಿಂದ ಮುಂದೆ ಸುಮಾರು ಎಂಬತ್ತೈದು ವರ್ಷ, ಮನಸ್ಸು ಮುರಿದವರೂ ಒಂದೇ ಮಾಡಿನ ಕೆಳಗೆ ಇರಬೇಕಾಯಿತು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ, ನಡುಗೋಡೆಗೆ ಹೊಡೆದ ಹಲಗೆ, ಮಾತಿಲ್ಲದ ಊಟ. ಕುಟುಂಬದ ಕವಲುಗಳಾದ ಕವರುಗಳ ನಡುವೆ ಪಾಲಿಗೆ ದಾರಿ ತೆರೆದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ, ವಾಸದ ಮನೆಯಲ್ಲಿ ಗಂಡು ವಾರಸುದಾರರು ಒಪ್ಪುವವರೆಗೆ ಹೆಣ್ಣುಮಕ್ಕಳು ಪಾಲು ಕೇಳಬಾರದೆಂಬ 23ನೇ ಕಲಮು ಇತ್ತು. ದೇಶದ ಹೆಚ್ಚಿನ ಹಿಂದೂ ಹೆಂಗಸರು ಈ ಕಟ್ಟಿನಿಂದ ಬಿಡಿಸಿಕೊಂಡದ್ದು 2005ರ ತಿದ್ದುಪಡಿಯಲ್ಲಿ. ಅಳಿಯಸಂತಾನದವರಿಗಾದರೋ, ಅದೇ ಕಾಯಿದೆಯ 17ನೇ ಕಲಮಿನ ಪ್ರಕಾರ, ಆ ನಿರ್ಬಂಧ ಮೊದಲಿನಿಂದಲೂ ಅನ್ವಯಿಸಲಿಲ್ಲ. ಕರಾವಳಿಯ ವಕೀಲರ ವಲಯದಾಚೆ ಈ ಸಂಗತಿ ಅಷ್ಟಾಗಿ ತಿಳಿದಿಲ್ಲ.

ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಗಳ ಒಳಕೋಣೆಯ ಬದುಕು, ಅಲ್ಲಿನ ಹೆಣ್ಣಿನ ತೀರ್ಮಾನಗಳನ್ನು ಬೇರೆಯವರು ಮಾಡುವ ಬಗೆ ಕನ್ನಡದ ಓದುಗರಿಗೆ ಹೆಚ್ಚಾಗಿ ತಲುಪಿದ್ದು ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಬರವಣಿಗೆಯಿಂದ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಎಲ್ಲ ಜಾತಿ ಮತಗಳಲ್ಲೂ ಹೊರಗಿನವರನ್ನು ದೂರವಿಡುವ ಕೆಲಸ ಮಾಡಿದೆ. ಪೆಟ್ಟು ತಿಂದವಳ ಕೂಗು ನೆರೆಮನೆಗೆ ಕೇಳಿಸಿದರೂ ಅದು ಅವರ ಮನೆಯ ವಿಷಯ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಈ ಗಾದೆಯನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಮನೆ ಯಾರ ಹೆಸರಿನಲ್ಲಿದ್ದರೂ ಹೆಣ್ಣಿಗೆ ಅಲ್ಲೇ ವಾಸಿಸುವ ಹಕ್ಕಿದೆ.

ಒಕ್ಕಲಿನ ಮನೆ

ಎಬ್ಬಿಸಬಹುದಾದ ಮನೆಯಲ್ಲಿ ಖಾಸಗಿತನವೆಂಬುದಿಲ್ಲ. ಧಣಿ ಯಾವಾಗ ಬೇಕಾದರೂ ಬಿಡಿಸಬಹುದಾದ ಚಾಲಗೇಣಿಯ ಒಕ್ಕಲಿಗೆ ಮನೆಯೂ ಧಣಿಯ ನೆಲದಲ್ಲೇ. ಗೇಣಿ ಬಾಕಿಯಾದರೆ, ಧಣಿಯ ಮಾತಿಗೆ ಎದುರಾಡಿದರೆ, ಮನೆಯೂ ಹೋಗುತ್ತಿತ್ತು. ಮನೆಯವರನ್ನು ಹೊರಹಾಕುವುದಕ್ಕೆ ಕನ್ನಡದಲ್ಲಿರುವ ಮಾತೇ ‘ಒಕ್ಕಲೆಬ್ಬಿಸುವುದು’. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ದಕ್ಷಿಣ ಕನ್ನಡದಲ್ಲಿ ಗೇಣಿಭೂಮಿಯ ಒಡೆತನ ಕೋರಿ ಡಿಕ್ಲರೇಷನ್ ಹಾಕಿದವರ ಸಾಲು ಉದ್ದವಿತ್ತು. ಗದ್ದೆ ಸಿಕ್ಕಿದ ಮಾತನ್ನು ಎಲ್ಲರೂ ಬರೆದಿದ್ದಾರೆ. ಅದೇ ಕಾಯಿದೆಯ 38ನೇ ಕಲಮು, ಗದ್ದೆಯಿಲ್ಲದ ಕೃಷಿಕೂಲಿಗೂ ತಾನು ವಾಸಿಸುವ ಗುಡಿಸಲಿನ ಒಡೆತನ ಕೇಳುವ ಹಕ್ಕು ಕೊಟ್ಟಿತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಈ ಲೇಖಕನ ದೃಷ್ಟಿಯಲ್ಲಿ ಈ ಸೀಮೆಯಲ್ಲಿ ಮನೆಯ ಸ್ವಾತಂತ್ರ್ಯಕ್ಕೆ ಸಂವಿಧಾನದ ಯಾವ ತೀರ್ಪಿಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಈ ಕಾಯಿದೆ. ಈಚೆಗೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಕಾಯುವುದು ಭೂಕಂದಾಯ ಕಾಯಿದೆಯ ‘94ಸಿ’ ಹಕ್ಕುಪತ್ರಕ್ಕೆ. ಕಲಮಿನ ಸಂಖ್ಯೆಯೇ ಊರಿನ ಮಾತಾಗಿ ಹೋಗಿದೆ.

ಮನೆಯೇ ಕೆಲಸದ ಜಾಗವೂ ಆದದ್ದು ಬೀಡಿಯಿಂದ. ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಬೀಡಿ ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟು ಬಂದ ದುಡ್ಡು ಎಷ್ಟೋ ಹೆಂಗಸರಿಗೆ, ಯಜಮಾನನ ಬೀಗದಕೈಗೆ ಸೇರದೆ, ಕೈಗೆ ಬಂದ ಮೊದಲ ಸ್ವಂತ ಹಣ.

ಸರ್ಕಾರ ಬಾಗಿಲಿಗೆ ಬಂದಾಗ

ಪೊಲೀಸರು ಮನೆ ಶೋಧಿಸುವಾಗ ಊರಿನ ಇಬ್ಬರು ಪಂಚರು ಇರಬೇಕು, ಮಹಜರು ಬರೆಯಬೇಕು. ಹೊರಗೆ ಬಾರದ ಹೆಂಗಸರಿರುವ ಕೋಣೆಗೆ ನುಗ್ಗುವ ಮೊದಲು ಅವರಿಗೆ ತಿಳಿಸಿ ಸರಿದುಕೊಳ್ಳಲು ಎಡೆಕೊಡಬೇಕು. ಬ್ರಿಟಿಷರ ಕಾಲದ ಈ ನಿಯಮಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿವೆ. ಶೋಧವನ್ನು ವೀಡಿಯೊ ಮಾಡಬೇಕೆಂಬುದು ಅದರಲ್ಲಿ ಹೊಸತಾಗಿ ಸೇರಿದೆ.

ಬೆಳ್ತಂಗಡಿ ತಾಲೂಕಿನ ಕುತ್ಲೂರು ಪಶ್ಚಿಮಘಟ್ಟದ ಬುಡದ ಊರು. ಅಲ್ಲಿನ ಮಲೆಕುಡಿಯರ ಮನೆಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಗೆ ಸಿಕ್ಕಿದಂದಿನಿಂದ ರಸ್ತೆಗೂ ಕರೆಂಟಿಗೂ ಅರಣ್ಯ ಇಲಾಖೆಯ ಅಡ್ಡಿ. ನಕ್ಸಲರನ್ನು ಹುಡುಕುವ ಪಡೆಗಳ ಓಡಾಟವೂ ಅಲ್ಲೇ ಇತ್ತು. 2012ರ ಮಾರ್ಚಿನಲ್ಲಿ ಇಲ್ಲಿನ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವನ ತಂದೆಯನ್ನೂ ಬಂಧಿಸಲಾಯಿತು. ಹೊರಿಸಿದ್ದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯ ಆರೋಪಗಳು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಗಳ ತುಣುಕು, ಊರಿಗೆ ಸೌಕರ್ಯ ಬರುವವರೆಗೆ ಚುನಾವಣೆ ಬಹಿಷ್ಕರಿಸುವ ಪತ್ರ ಇದ್ದವು. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಇಂಥ ಪುಸ್ತಕ, ಕಾಗದಗಳನ್ನು ಇಟ್ಟುಕೊಂಡದ್ದು ಅಪರಾಧವಾಗದು ಎಂಬುದು ಅದರ ನಿಲುವಿನ ತಿರುಳು. ಒಂದು ಮನೆಯಲ್ಲಿ ಯಾವ ಪುಸ್ತಕ ಇರಬಹುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ಒಂಬತ್ತೂವರೆ ವರ್ಷ ಹಿಡಿಯಿತು.

ದೇಶಮಟ್ಟದಲ್ಲಿ ಈ ಹಕ್ಕಿನ ದಾರಿ ಹೀಗಿದೆ. 1962ರ ಖಡಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೊಲೀಸರು ರಾತ್ರಿ ಮನೆಬಾಗಿಲಿಗೆ ಬಂದು ಎಬ್ಬಿಸಿ ನೋಡುವುದನ್ನು ರದ್ದುಮಾಡಿತು, ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಒಪ್ಪಲಿಲ್ಲ. ಅದು ಒಪ್ಪಿಗೆಯಾದದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಲ್ಲಿ. ಆ ತೀರ್ಪಿಗೆ ದಾರಿಯಾದ, ಆಧಾರ್ ವಿರುದ್ಧದ ಅರ್ಜಿಯನ್ನು 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಎರಡು ತೀರ್ಪುಗಳ ನಡುವಿನ ಇನ್ನೊಂದು ತೀರ್ಪಿಗೆ ಬಂಟ್ವಾಳ ಸೀಮೆಯ ಎಳೆಯಿದೆ. ಅಮ್ಮೆಂಬಳ ಎಂಬ ಈ ಕಡೆಯ ಊರಿನ ಹೆಸರು ಹೊತ್ತ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಯೇ ಇಂದಿನ ಕೆನರಾ ಬ್ಯಾಂಕ್. ಆಂಧ್ರದ ಅಧಿಕಾರಿಗಳು ಬ್ಯಾಂಕಿಗೆ ಹೋಗಿ ಗಿರಾಕಿಗಳ ಕಾಗದಪತ್ರ ತಪಾಸಣೆ ಮಾಡಬಹುದೇ ಎಂಬ ಬಗ್ಗೆ ಅದೇ ಬ್ಯಾಂಕ್ ಪ್ರತಿವಾದಿಯಾಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ, ಖಾಸಗಿತನ ಅಂಟಿಕೊಂಡಿರುವುದು ಮನುಷ್ಯನಿಗೆ, ಜಾಗಕ್ಕಲ್ಲ ಎಂದಿತು. ಮನೆಯಿಂದ ಹೊರಗೆ ಹೋದ ಕಾಗದಕ್ಕೂ ಮನೆಯ ಮರೆ ಹಿಂಬಾಲಿಸಿ ಹೋಯಿತು. ಗುಟ್ಟು ಮನೆತನದ್ದಲ್ಲ, ಒಬ್ಬೊಬ್ಬರದು ಎಂಬ ಮಾತು ಈ ಜಿಲ್ಲೆಯ ಹಳೆಯ ರೂಢಿಗೆ ಪೂರ್ತಿ ಎದುರು.

ಊರಿನ ಕಣ್ಣು

ಸರ್ಕಾರಕ್ಕಿಂತ ಹೆಚ್ಚು ಇಣುಕುವುದು ಊರು. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲಿನ ಒಂದು ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ ಹುಡುಗ ಹುಡುಗಿಯರ ಮೇಲೆ ಗುಂಪು ನುಗ್ಗಿದ ಸುದ್ದಿ ಇಡೀ ದೇಶ ನೋಡಿತು. ಅಷ್ಟು ಗದ್ದಲವಿಲ್ಲದೆ ನಡೆಯುವುದು ಬಾಡಿಗೆಮನೆಯ ವಿಚಾರಣೆ. ಕಾಲೇಜುಗಳಿಂದ ಬೆಳೆದ ಮೂಡುಬಿದಿರೆ, ಉಜಿರೆಗಳಲ್ಲಿ ಕೋಣೆ ಕೇಳಲು ಹೋದವರಿಗೆ ಬಾಡಿಗೆಗಿಂತ ಮೊದಲು ಬರುವ ಪ್ರಶ್ನೆ ಜಾತಿ ಯಾವುದು, ಮೀನು ಮಾಂಸ ಮಾಡುತ್ತೀರಾ ಎಂಬುದು. ಮದುವೆಯಾಗದ ಹೆಣ್ಣು ಒಬ್ಬಳೇ ಬಂದರೆ ಪ್ರಶ್ನೆಗಳ ಪಟ್ಟಿ ಇನ್ನೂ ಉದ್ದ. ಸಾಲದ ಕಂತು ಕೇಳಲು ವಾರವಾರ ಮನೆಬಾಗಿಲಲ್ಲಿ ಕೂರುವವರ ಕಾಟಕ್ಕೆ 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾನೂನನ್ನೇ ತಂದಿತು. ಮನೆಯ ಮುಂದೆ ಠಳಾಯಿಸುವುದೂ ಅದರಲ್ಲಿ ಬಲವಂತದ ಲೆಕ್ಕಕ್ಕೆ ಬರುತ್ತದೆ.

ಈಗ ತೋಟಗಳು ಸೈಟುಗಳಾಗಿ, ತಡಮ್ಮೆಯ ಜಾಗದಲ್ಲಿ ಕಂಪೌಂಡು ಎದ್ದಿದೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಮಕ್ಕಳಿಗೆ ಒಂದೊಂದು ಕೋಣೆ, ಕೋಣೆಗೊಂದು ಬಚ್ಚಲು. ಒಳಗೆ ಮರೆ ಬಂತು. ಹೊರಗೆ ಗೇಟಿನ ಮೇಲೆ ಸಿಸಿ ಕ್ಯಾಮೆರಾ, ಎದುರುಮನೆಯ ಅಂಗಳವೂ ಅದರ ಕಣ್ಣಿಗೆ ಬೀಳುತ್ತದೆ; ಮದ್ರಾಸ್ ಕಾಲದಲ್ಲಿ ಇಲ್ಲಿ ಹುಟ್ಟದ ಕಿಟಕಿಯ ತಕರಾರು ಈಗ ಹುಟ್ಟಿದೆ. ಸಹನಿವಾಸಿಗಳ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದಲ್ಲಿ ಕ್ಯಾಮೆರಾ ಇಡಬಾರದೆಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಬದಲಿಸಲಿಲ್ಲ. ಇಲ್ಲಿಯಾದರೋ ಕ್ಯಾಮೆರಾ ಇಡಿಸುವವರು ಹೆಚ್ಚಾಗಿ ದುಬೈ, ಮುಂಬಯಿಯಲ್ಲಿರುವ ಮಕ್ಕಳು. ಅಪ್ಪ ಮದ್ದು ತೆಗೆದುಕೊಂಡರೇ, ಅಮ್ಮ ಜಾರಿ ಬಿದ್ದರೇ ಎಂದು ಅವರು ಅಲ್ಲಿಂದ ನೋಡುತ್ತಾರೆ. ಒಂದು ಕಾಲದಲ್ಲಿ ಮಕ್ಕಳ ಮೇಲೆ ಕಣ್ಣಿಟ್ಟು ಚಾವಡಿಯಲ್ಲಿ ಕೂರುತ್ತಿದ್ದವರು ಈಗ ಆ ಮಕ್ಕಳ ಕಣ್ಣಿನ ಕೆಳಗೆ ಕೂತಿದ್ದಾರೆ. ಕೆಲವರು ಸಂಜೆ ಆ ಕ್ಯಾಮೆರಾದ ಮೇಲೆ ಒಂದು ಬೈರಾಸು ಎಸೆಯುತ್ತಾರೆ.

ಪಾಲಾಗಿ ಹೋದ ಎಷ್ಟೋ ಗುತ್ತಿನ ಮನೆಗಳಿಗೆ ವರ್ಷವಿಡೀ ಬೀಗ. ದೈವಕ್ಕೆ ಸೇವೆ ಸಲ್ಲುವ ತಂಬಿಲದ ದಿನ ಬಾಗಿಲು ತೆರೆಯುತ್ತದೆ. ಬೆಂಗಳೂರಿನ ಫ್ಲಾಟುಗಳಲ್ಲಿ ಕೋಣೆಗೊಬ್ಬರಂತೆ ಮಲಗುವವರು ಆ ಒಂದು ರಾತ್ರಿ, ದೈವದ ಮಂಚದಿಂದ ನಾಲ್ಕು ಮೊಳ ದೂರದಲ್ಲಿ, ಚಾವಡಿಯ ನೆಲದ ಮೇಲೆ ಸಾಲಾಗಿ ಚಾಪೆ ಹಾಕಿಕೊಳ್ಳುತ್ತಾರೆ.